ಇಸ್ಮಾಯಿಲಸಾಬರು ನಾಮಿನೇಟ್ ಆದದ್ದು

ಲಕ್ಷ್ಮೇಶ್ವರದ ಬಜಾರಿನಲ್ಲಿ ಇಸ್ಮಾಯಿಲಸಾಬ ನದಾಫರ ಗಾದಿ ಅಂಗಡಿ ಯಾರಿಗೆ ಗೊತ್ತಿಲ್ಲ? ಊರಲ್ಲಿ ಮದುವೆಯಾದವರು ಮಲಗಿದ್ದು ಇವರ ಗಾದಿಯ ಮೇಲೆ, ಬಾಣಂತಿಯರು ಎದ್ದದ್ದು ಇವರ ಗಾದಿಯಿಂದ. ಪುರಸಭೆಯ ಅಧ್ಯಕ್ಷರ ಕುರ್ಚಿಗೆ ಹಾಸುವ ಮೆತ್ತೆಯನ್ನೂ ಮೂವತ್ತು ವರ್ಷದಿಂದ ಇವರೇ ಹೊಲಿದು ಕೊಡುತ್ತ ಬಂದಿದ್ದಾರೆ. ಅಧ್ಯಕ್ಷರು ಬಂದರು, ಹೋದರು. ಅವರವರ ಭಾರಕ್ಕೆ ಒಂದೊಂದು ಕಡೆ ತಗ್ಗು ಬಿದ್ದ ಮೆತ್ತೆ ಮಾತ್ರ ರಿಪೇರಿಗೆ ಇಲ್ಲಿಗೇ ಬರುತ್ತಿತ್ತು. ಹೊಲಿಗೆ ಬಿಚ್ಚುವ ಮುಂಚೆ ಇಸ್ಮಾಯಿಲಸಾಬರು ಆಚೀಚೆ ನೋಡಿ, ಯಾರೂ ಇಲ್ಲದಿದ್ದರೆ, ಅದರ ಮೇಲೆ ಒಂದು ಗಳಿಗೆ ಕೂತು ನೋಡುತ್ತಿದ್ದರು. ಅಳತೆ ಸರಿಯಾಗಿಯೇ ಇತ್ತು. ಊರಿಗೆಲ್ಲ ಗಾದಿ ಮಾಡಿಕೊಟ್ಟ ಮನುಷ್ಯನಿಗೆ ತನಗೂ ಒಂದು ಗಾದಿ ಬೇಕು ಅನ್ನಿಸಿದರೆ ಅದರಲ್ಲಿ ತಪ್ಪೇನಿದೆ ಹೇಳಿ.

ಒಮ್ಮೆ ಚುನಾವಣೆಗೆ ನಿಂತದ್ದೂ ಆಯಿತು. ಗದಗ ಇನ್ನೂ ಧಾರವಾಡ ಜಿಲ್ಲೆಯೊಳಗೆ ಇದ್ದ ಕಾಲ. ಗುರುತು ಹೊಲಿಗೆ ಮಷೀನು, ಬಿದ್ದ ಮತ ಹನ್ನೊಂದು. ಅಣ್ಣ ತಮ್ಮಂದಿರು, ಅವರ ಹೆಂಡಿರು ಎಲ್ಲ ಸೇರಿ ನದಾಫರ ಮನೆತನದಲ್ಲೇ ಹದಿನಾಲ್ಕು ಮತ ಇದ್ದವು. ಉಳಿದ ಮೂರು ಎಲ್ಲಿ ಹೋದವು ಅಂತ ಇಸ್ಮಾಯಿಲಸಾಬರು ಯಾರನ್ನೂ ಕೇಳಲಿಲ್ಲ. ಕೇಳಿದರೆ ಯಾರಾದರೂ ಹೇಳಿಬಿಟ್ಟಾರು ಎಂಬ ಹೆದರಿಕೆ.

ಅಂದಿನಿಂದ ಅವರಿಗೆ ಮತದಾರರ ಮೇಲೆ ನಂಬಿಕೆ ಹೋಗಿ, ಸರಕಾರದ ಮೇಲೆ ಬಂತು. ಪುರಸಭೆಗೆ ನಾಲ್ಕೈದು ಮಂದಿಯನ್ನು ಸರಕಾರವೇ ನಾಮಿನೇಟ್ ಮಾಡುತ್ತದೆ. ಕೈ ಮುಗಿಯಬೇಕಿಲ್ಲ, ಓಣಿ ತಿರುಗಬೇಕಿಲ್ಲ, ಮತ ಎಣಿಸುವ ಮೇಜಿನ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಿಲ್ಲ. ಊರೆಲ್ಲ 'ಯಜಮಾನ್ರು' ಅಂತಲೇ ಕರೆಯುವ ಮುಖಂಡ ಲಕ್ಷ್ಮಪ್ಪನವರಿಗೆ ಇಸ್ಮಾಯಿಲಸಾಬರು ಫೋಟೋ ಹಚ್ಚಿದ ಅರ್ಜಿ ಕೊಟ್ಟು ಬಂದರು. ಯಜಮಾನರು ಅದನ್ನು ಮಡಚಿ ತಲೆದಿಂಬಿನ ಕೆಳಗೆ ಇಟ್ಟುಕೊಂಡು, "ಹೆಸರು ಮ್ಯಾಲೆ ಹೋಗೇತಿ ಅಂತ ತಿಳೀರಿ" ಅಂದರು. ದಿಂಬೂ ಇಸ್ಮಾಯಿಲಸಾಬರ ಅಂಗಡಿಯದೇ ಆಗಿತ್ತು. ಬೆಂಗಳೂರಿಂದ ಪಟ್ಟಿ ಇವತ್ತು ಬರುತ್ತದೆ, ನಾಳೆ ಬರುತ್ತದೆ ಅನ್ನುವುದರಲ್ಲಿ ಮಳೆಗಾಲ ಮುಗಿದು ದಸರೆ ಬಂತು.

ಇತ್ತ ಮನೆಯಲ್ಲಿ ಬೇರೆಯೇ ಸರಕಾರ ನಡೆದಿತ್ತು. ಟೀವಿಯಲ್ಲಿ 'ನೂರು ದಿನ ಒಂದೇ ಸೂರು' ಎಂಬ ಕಾರ್ಯಕ್ರಮ. ಹದಿನಾಲ್ಕು ಮಂದಿಯನ್ನು ಒಂದು ಮನೆಯಲ್ಲಿ ಕೂಡಿಹಾಕುತ್ತಾರೆ. ಅವರು ಜಗಳ ಆಡುತ್ತಾರೆ. ಕಣ್ಣಿಗೆ ಕಾಣದ ಒಬ್ಬ 'ಯಜಮಾನರು' ಗೋಡೆಯೊಳಗಿಂದ ಆದೇಶ ಕೊಡುತ್ತಾರೆ. ವಾರಕ್ಕೊಮ್ಮೆ ಮನೆಯವರೇ ಚೀಟಿ ಬರೆದು, ಯಾರು ಬೇಡವೋ ಅವರನ್ನು ನಾಮಿನೇಟ್ ಮಾಡಿ, ಶನಿವಾರ ಒಬ್ಬರನ್ನು ಹೊರಗೆ ಹಾಕುತ್ತಾರೆ. ನಮ್ಮ ಕಡೆ ಇದೆಲ್ಲ ಟೀವಿ ಇಲ್ಲದೆಯೂ ನಡೆಯುತ್ತಿತ್ತು, ಚೀಟಿ ಬರೆಯುವ ಪದ್ಧತಿ ಮಾತ್ರ ಇರಲಿಲ್ಲ.

ಆ ಕೊರತೆ ತುಂಬಿದವಳು ಮೊಮ್ಮಗಳು ಅಮೀರಾ. ಆರನೇ ತರಗತಿ, ದಸರೆಯ ರಜೆ, ಕಂಠ ಒಳ್ಳೇದು. ಅರಳೆ ಮೂಟೆ ಇಡುವ ಕೋಣೆಯೊಳಗೆ ನಿಂತು ಅಲ್ಯೂಮಿನಿಯಂ ಕೊಡದ ಬಾಯಿಗೆ ಬಾಯಿ ಹಚ್ಚಿ "ಇದು ಯಜಮಾನರ ಆದೇಶ" ಅಂದಳೆಂದರೆ ಮನೆ ಗಡಗಡ ಅನ್ನುತ್ತಿತ್ತು. ಅವಳ ತಮ್ಮ ತಾರೀಖ, ಇನ್ನೂ ಮೂರನೇ ತರಗತಿ, ಊಟಕ್ಕೆ ಕರೆದರೆ "ಈ ವಿಷಯದಲ್ಲಿ ನನ್ನ ನಿಲುವು ಸ್ಪಷ್ಟವಾಗಿದೆ" ಅನ್ನತೊಡಗಿದ. ಸೊಸೆ ಯಾಸ್ಮೀನಳಿಗೆ ಚಟ್ನಿ ಖಾರ ಆಯಿತು ಅಂದರೆ ಸಾಕು, "ನೀವು ನನ್ನ ವ್ಯಕ್ತಿತ್ವದ ಬಗ್ಗೆ ಮಾತಾಡ್ತಿದ್ದೀರಿ" ಅಂತ ಬೆಂಗಳೂರು ಕನ್ನಡದಲ್ಲಿ ಕಣ್ಣೀರು ತೆಗೆಯುತ್ತಿದ್ದಳು. ಮಗ ಮೊಹಸಿನ ಹುಟ್ಟಿದಾಗಿನಿಂದ ಬಾಯಿಸತ್ತವನು. ಅವನು ಕೂಡ ಅರಳೆ ಮೂಟೆಯ ಮೇಲೆ ಕೂತು, ಟೀವಿಯವರು ಕ್ಯಾಮೆರಾಕ್ಕೆ ಹೇಳುವ ಹಾಗೆ ಗೋಡೆ ಗಡಿಯಾರಕ್ಕೆ ತನ್ನ ಮನಸ್ಸಿನ ಮಾತು ಹೇಳಲು ಹೋದರೆ ಅರ್ಧ ತಾಸು ಹೊರಗೆ ಬರುತ್ತಿರಲಿಲ್ಲ.

ಮೊದಲ ವಾರ ಹೊರಬಿದ್ದವನು ತಾರೀಖ. ನಿಯಮದ ಪ್ರಕಾರ ಅವನನ್ನು ಮುಳಗುಂದದ ಅತ್ತೆ ಹಾಜಿರಾಬಿಯ ಮನೆಗೆ ಒಂದು ವಾರ ಕಳಿಸಲಾಯಿತು. ಹಾಜಿರಾಬಿ ಇಸ್ಮಾಯಿಲಸಾಬರ ಮಗಳು, ಕೈಗುಣ ತಾಯಿಯದು. ತಾರೀಖ ಗಲ್ಲ ಉಬ್ಬಿಸಿಕೊಂಡು ಬಂದು ಅಲ್ಲಿಯ ಊಟದ ವರದಿ ಒಪ್ಪಿಸಿದ. "ಏನೂ ಮಾಡಂಗಿಲ್ಲಜ್ಜಿ, ಕುಂತಲ್ಲೆ ತಾಟು ಬರತೈತಿ" ಅಂದ. ಅಜ್ಜಿ ಅಮೀನಬಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಕುಂತಲ್ಲೆನ?" ಅಂತ ಎರಡು ಸಲ ಕೇಳಿ, ಮತ್ತೆ ಬಡಿಯತೊಡಗಿದಳು.

ಇದ್ಯಾವುದೂ ಇಸ್ಮಾಯಿಲಸಾಬರಿಗೆ ಗೊತ್ತಿರಲಿಲ್ಲ. ಹಗಲು ಅಂಗಡಿ, ಸಂಜೆ ಟೀವಿಯ ರಿಮೋಟು ಲುಂಗಿಯಲ್ಲಿ ಸಿಗಿಸಿಕೊಂಡು ಬೆಂಗಳೂರಿನ ಸುದ್ದಿ. ಮೊಮ್ಮಗ ಒಂದು ವಾರ ಮನೆಯಲ್ಲಿ ಇರಲಿಲ್ಲ ಎಂಬುದೂ ಅವರ ಗಮನಕ್ಕೆ ಬಂದಿರಲಿಲ್ಲ.

ತಾರೀಖ ವಾಪಸ್ ಬಂದ ಮೇಲಿನ ಬುಧವಾರ, ಮಧ್ಯಾಹ್ನ ಹನ್ನೆರಡಕ್ಕೆ, ಅರಳೆ ಹಿಂಜುವ ಯಂತ್ರ ಭರ್ ಅಂತ ಓಡುತ್ತಿದ್ದಾಗ ಅಂಗಡಿಯ ಫೋನು ಬಡಿದುಕೊಂಡಿತು.

"ಅಜ್ಜಾ, ನಾನು ಅಮೀರಾ. ನೀವು ನಾಮಿನೇಟ್ ಆಗೀರಿ!"

"ಏನು?"

"ನಾಮಿನೇಟ್! ನಾ-ಮಿ-ನೇಟ್! ಯಜಮಾನರು ಈಗರ ಘೋಷಣಾ ಮಾಡಿದ್ರು. ನಿಮ್ಮ ಹೆಸರ ಬಂದೈತಿ."

ಇಸ್ಮಾಯಿಲಸಾಬರ ಕೈಯೊಳಗಿನ ಅರಳೆ ಹಾರಿ ಮೀಸೆಗೆ ಕೂತಿತು. ಮೊಮ್ಮಗಳು ಹುಟ್ಟಿ ಹನ್ನೊಂದು ವರ್ಷವಾದರೂ ಅಜ್ಜನಿಗೆ ಒಂದು ದಿನ 'ನೀವು' ಅಂದವಳಲ್ಲ. ಇವತ್ತು ಅಂದಳು ಎಂದ ಮೇಲೆ ಸುದ್ದಿ ಖರೆಯೇ ಇರಬೇಕು.

"ಯಜಮಾನ್ರ ಬಾಯಿಲೇ ಹೇಳಿದ್ರನವಾ?"

"ಹೂಂ! ಶನಿವಾರ ಸಂಜೀಕ ಹೊರಡಬೇಕು. ನಾವು ಬ್ಯಾಗ್ ತುಂಬಿ ಇಡ್ತೇವಿ. ಮುಳಗುಂದದ ಬಸ್ಸು."

ಮುಂದಿನ ಮಾತು ಯಂತ್ರದ ಸದ್ದಿನಲ್ಲಿ ಹೋಯಿತು. ಕೇಳುವ ಅಗತ್ಯವೂ ಇರಲಿಲ್ಲ. ಆದೇಶ ಕೊಡುವುದು ಗದಗಿನ ಜಿಲ್ಲಾ ಕಚೇರಿಯಲ್ಲಿ, ಗದಗಿನ ಬಸ್ಸು ಹೋಗುವುದು ಮುಳಗುಂದದ ಮೇಲೆಯೇ. ಎಲ್ಲ ಸರಿಯಾಗಿ ಹೊಂದಿತು. ಇಸ್ಮಾಯಿಲಸಾಬರು ಯಂತ್ರ ಬಂದ್ ಮಾಡಿ, ಮೀಸೆ ಒರೆಸಿಕೊಂಡು, ಪಕ್ಕದ ಚಾದಂಗಡಿಗೆ ಹೋಗಿ ನಿಂತರು.

ಚಾದಂಗಡಿಯ ಪುಂಡಲೀಕಪ್ಪ ಪುರಸಭೆಯಲ್ಲಿ ಜವಾನನಾಗಿ ನಿವೃತ್ತನಾದವನು. ಆಡಳಿತದ ವಿಷಯದಲ್ಲಿ ಬಜಾರಿಗೆಲ್ಲ ಅವನ ಮಾತೇ ಕೊನೆಯದು.

"ಪುಂಡಲೀಕಪ್ಪಾ, ನಾಮಿನೇಟ್ ಆತಪಾ."

"ಯಾರಿಗೆ?"

"ನನಗ."

ಪುಂಡಲೀಕಪ್ಪ ಕುದಿಯುತ್ತಿದ್ದ ಚಾ ಬಿಟ್ಟು ಹೊರಗೆ ಬಂದ. "ಹೌದೇನ್ರಿ ಸಾಬರ! ನನಗೊಂದು ಸುಳಿವು ಇತ್ತು ನೋಡ್ರಿ. ಮುಂಜಾನೆ ನಿಮ್ಮ ಮಾರಿ ಮ್ಯಾಲ ಏನೋ ಒಂದು ಕಳೆ ಇತ್ತು. ಸುದ್ದಿ ಎಲ್ಲಿಂದ ಬಂತು?"

"ಮನಿಗೇ ಬಂತು. ಯಜಮಾನ್ರು ಘೋಷಣಾ ಮಾಡ್ಯಾರಂತ."

ಪುಂಡಲೀಕಪ್ಪ ಓಡಿಹೋಗಿ ಹೂವಿನವಳ ಹತ್ತಿರ ಇದ್ದದ್ದರಲ್ಲಿ ದೊಡ್ಡ ಮಾಲೆ ತಂದು ಹಾಕಿದ. ಅದನ್ನು ಯಾರೋ ಹೊಸ ಟ್ರ್ಯಾಕ್ಟರಿಗೆಂದು ಮಾಡಿಸಿದ್ದರು. ಇಸ್ಮಾಯಿಲಸಾಬರ ಮೊಣಕಾಲಿನ ತನಕ ಬಂತು. ಮಾಲೆ ನೋಡಿದ ಫ್ಲೆಕ್ಸ್ ಅಂಗಡಿಯ ಕಳಕಪ್ಪ ಏನು ಎತ್ತ ಕೇಳದೆ ಅಳತೆ ಟೇಪು ಹಿಡಿದುಕೊಂಡೇ ಬಂದ. ಸಂಜೆಯ ಹೊತ್ತಿಗೆ ಬಜಾರಿನ ನಟ್ಟನಡುವೆ ಹತ್ತಡಿ ಬ್ಯಾನರು ಎದ್ದಿತು: 'ಪುರಸಭೆಗೆ ನಾಮಿನೇಟ್ ಆದ ಗಾದಿ ಸಾಮ್ರಾಟ ಇಸ್ಮಾಯಿಲಸಾಬ ನದಾಫ ಇವರಿಗೆ ಹಾರ್ದಿಕ ಅಭಿನಂದನೆಗಳು.' ಆಧಾರ್ ಕಾರ್ಡಿನ ಫೋಟೋಕ್ಕೆ ಕಳಕಪ್ಪ ಕಪ್ಪು ಕನ್ನಡಕ ಹಾಕಿ, ಹಿಂದೆ ಹಿಮದ ಗುಡ್ಡ ನಿಲ್ಲಿಸಿದ್ದ. ಕೆಳಗೆ ಶುಭ ಕೋರುವವರ ಸಾಲಿನಲ್ಲಿ ಪುಂಡಲೀಕಪ್ಪನ ಮುಖ ಸಾಮ್ರಾಟನ ಮುಖಕ್ಕಿಂತ ದೊಡ್ಡದಾಗಿತ್ತು.

ಇಸ್ಮಾಯಿಲಸಾಬರು ಮಾಲೆಯಲ್ಲೇ ಮನೆಗೆ ಬಂದರು. ಮನೆಯವರು ಅಂಜಿಕೊಂಡೇ ಕೂತಿದ್ದರು. ಹೊರಗೆ ಹಾಕಿಸಿಕೊಂಡ ಹಿರಿಯ ಏನು ರಂಪ ಮಾಡುತ್ತಾನೋ ಅಂತ ಮೊಹಸಿನ ಆಗಲೇ ಅರಳೆ ಕೋಣೆ ಸೇರಿದ್ದ. ನೋಡಿದರೆ ಅಜ್ಜ ಮಾಲೆ ಹಾಕಿಕೊಂಡು ನಗುತ್ತ ಬರುತ್ತಿದ್ದಾನೆ! ಅಮೀರಾಳ ಕಣ್ಣು ಅರಳಿತು. ಟೀವಿಯಲ್ಲಿ ಕೂಡ ಯಾರೂ ಇಷ್ಟು ದೊಡ್ಡ ಮನಸ್ಸಿನಿಂದ ನಾಮಿನೇಷನ್ ಒಪ್ಪಿಕೊಂಡದ್ದನ್ನು ಅವಳು ನೋಡಿರಲಿಲ್ಲ.

"ಅಜ್ಜಾ, ನಿಮಗ ಬ್ಯಾಸರ ಆಗಿಲ್ಲ?"

"ಬ್ಯಾಸರ ಯಾಕವಾ? ಎಷ್ಟ ವರ್ಷದಿಂದ ಕಾದೀನಿ ಇದಕ್ಕ! ನಾಕ ಗೋಡಿ ಒಳಗ ಎಷ್ಟ ದಿನ ಅಂತ ಕುಂಡ್ರೋದು? ಹೊರಗ ಹೋಗಬೇಕು. ಮೊದಲ ನನ್ನ ಹೆಸರ ಹೇಳಿದವರ್ಯಾರು?"

ಎಲ್ಲರೂ ಯಾಸ್ಮೀನಳ ಕಡೆ ನೋಡಿದರು. ಯಾಸ್ಮೀನ ಸೆರಗು ಎಳೆದುಕೊಂಡು ಗೋಡೆಗೆ ಅಂಟಿ ನಿಂತಳು. "ತಪ್ಪ ತಿಳೀಬ್ಯಾಡ್ರಿ ಮಾವಾರ. ನಿಯಮ ಐತಿ, ಯಾರದರ ಹೆಸರ ಬರೀಬೇಕು. ಕಾರಣಾನೂ ಕೊಡಬೇಕು."

"ಏನ ಕಾರಣ ಕೊಟ್ಟಿಯವಾ?"

"ನೀವು… ಎಲ್ಲಾದರಾಗೂ ಬಾಯಿ ಹಾಕ್ತೀರಿ ಅಂತ."

ಇಸ್ಮಾಯಿಲಸಾಬರಿಗೆ ಕಣ್ಣು ತುಂಬಿ ಬಂತು. ಹನ್ನೆರಡು ವರ್ಷದಿಂದ ಎದುರು ನಿಂತು ಮಾತಾಡದ ಸೊಸೆ ಒಳಗೊಳಗೇ ತಮ್ಮನ್ನು ಇಷ್ಟು ಅರ್ಥ ಮಾಡಿಕೊಂಡಿದ್ದಾಳೆ! "ಶಾಭಾಸ್! ಮೆಂಬರ್ ಅಂದ ಮ್ಯಾಲ ಬಾಯಿ ಹಾಕಬೇಕವಾ. ಬಾಯಿಲ್ಲದಾಂವ ಅಲ್ಲಿ ಹೋಗಿ ಏನ ಮಾಡತಾನ? ನಿನ್ನಂಥ ಸೊಸಿ ಎಲ್ಲಾರಿಗೂ ಸಿಗಲಿ" ಅಂತ ಅವಳ ತಲೆಯ ಮೇಲೆ ಕೈಯಿಟ್ಟರು. ಯಾಸ್ಮೀನ ಗೊಳೋ ಅಂತ ಅತ್ತಳು, ಈ ಸಲ ಲಕ್ಷ್ಮೇಶ್ವರದ ಕನ್ನಡದಲ್ಲಿ.

ಅಮೀನಬಿ ಮಾತ್ರ ಒಲೆಯ ಮುಂದಿನಿಂದ ಏಳಲಿಲ್ಲ. "ಎಲ್ಲಾದರಾಗೂ ಇವರ ಹೆಸರನ ಬರತೈತಿ" ಅಂತ ರೊಟ್ಟಿಗೆ ಹೇಳಿದಳು. ಹೆಂಡತಿಗೂ ಅಭಿಮಾನ ಉಕ್ಕಿದೆ ಅಂತ ಇಸ್ಮಾಯಿಲಸಾಬರು ತಿಳಿದರು.

ಗುರುವಾರದಿಂದ ಅಂಗಡಿಯ ಮುಂದೆ ಸಾಲು. ಮೊದಲು ಬಂದವಳು ಹಿಂದಿನ ಓಣಿಯ ಗದಿಗೆವ್ವ, ಮನೆ ಮುಂದಿನ ಗಟಾರ ಕಟ್ಟಿದೆ ಅಂತ. ಇಸ್ಮಾಯಿಲಸಾಬರು ದಿಂಬಿನ ಅಳತೆ ಬರೆಯುವ ಪುಸ್ತಕದಲ್ಲಿ ಗಟಾರದ ಉದ್ದ ಅಗಲ ಬರೆದುಕೊಂಡರು. ಆಮೇಲೆ ನಳದವರು, ಬೀದಿ ದೀಪದವರು, ನಾಯಿ ಕಾಟದವರು. ನಾಯಿ ಕಾಟದ ಅರ್ಜಿ ತಂದವರಿಗೂ ನಾಯಿ ಸಾಕಿದವರಿಗೂ ಅಲ್ಲೇ ಜಗಳ ಬಿತ್ತು. ಇಬ್ಬರಿಗೂ "ಆತು, ನಿಮ್ಮಂಗೇ ಮಾಡಸೋಣು" ಅಂದು ಸಾಬರು ಕಳಿಸಿದರು. ಇಷ್ಟು ಬೇಗ ಆಡಳಿತ ಕೈವಶವಾದದ್ದು ನೋಡಿ ಪುಂಡಲೀಕಪ್ಪನೇ ಬೆರಗಾದ.

ಶುಕ್ರವಾರ ಪುರಸಭೆಯ ಮುಖ್ಯಾಧಿಕಾರಿಗಳೇ ಬಂದರು. ತಲೆದಿಂಬು ಬೇಕಾಗಿತ್ತು ಅಂತ ನೆವ. ಅವರ ಕಚೇರಿಗೆ ಯಾವ ಪಟ್ಟಿಯೂ ಬಂದಿರಲಿಲ್ಲ. ಆದರೆ ಹತ್ತಡಿ ಬ್ಯಾನರು ಎದ್ದ ಮೇಲೆ 'ನನಗೆ ಗೊತ್ತಿಲ್ಲ' ಅನ್ನುವ ಅಧಿಕಾರಿ ಯಾವ ಊರಲ್ಲಿ ಇದ್ದಾನೆ?

"ಆದೇಶದ ಪ್ರತಿ ನಮಗ ಇನ್ನೂ ಮುಟ್ಟಿಲ್ಲ ಸಾಹೇಬರ," ಅಂದರು ಮೆಲ್ಲಗೆ.

"ಮುಟ್ಟತೈತಿ ಬಿಡ್ರಿ. ಮೊದಲ ಮನಿಗೆ ಬಂತು," ಅಂದರು ಇಸ್ಮಾಯಿಲಸಾಬರು.

ಮನೆಗೇ ಆದೇಶ ಬಂದಿದೆ ಅಂದರೆ ಕೈ ಎಷ್ಟು ಉದ್ದ ಇರಬೇಕು ಅಂತ ಅಧಿಕಾರಿಗಳು ಒಂದರ ಬದಲು ಎರಡು ದಿಂಬು ಕೊಂಡು ಹೋದರು. ಸಂಜೆಯೊಳಗೆ ಗದಿಗೆವ್ವನ ಗಟಾರ ಸ್ವಚ್ಛವಾಯಿತು.

ಇನ್ನು ಉಳಿದವರು ಲಕ್ಷ್ಮಪ್ಪ ಯಜಮಾನರು. ಬ್ಯಾನರು ನೋಡಿ ಅವರು ರಸ್ತೆಯಲ್ಲೇ ಕಾರು ನಿಲ್ಲಿಸಿದರು. ಈ ಗಾದಿಯವನ ಅರ್ಜಿ ಇನ್ನೂ ತಮ್ಮ ತಲೆದಿಂಬಿನ ಕೆಳಗೇ ಇದೆ; ಹಾಗಾದರೆ ಮೇಲಿನವರು ತಮ್ಮನ್ನು ಬಿಟ್ಟು ಮಾಡಿಬಿಟ್ಟರೇ? ಇದನ್ನು ಹೊರಗೆ ಹೇಳಿದರೆ ಮರ್ಯಾದೆ ಉಳಿಯುವುದೆ? ಕಾರಿನ ಗಾಜು ಇಳಿಸಿ, ಸುತ್ತ ನಿಂತವರಿಗೆ "ನಾನ ಮಾಡ್ಸಿದ್ದು. ಗೊತ್ತಾಗಬಾರದು ಅಂತ ಸುಮ್ಮನಿದ್ದೆ" ಅಂದರು. ಶನಿವಾರ ಸಂಜೆ ನಾಲ್ಕಕ್ಕೆ ಸನ್ಮಾನ, ಅಧ್ಯಕ್ಷತೆ ತಮ್ಮದೇ ಅಂತಲೂ ಅವರೇ ಸಾರಿದರು.

ಶನಿವಾರ ಗಾದಿ ಅಂಗಡಿಯ ಮುಂದೆ ಪೆಂಡಾಲು, ಕುರ್ಚಿ, ಮೈಕು, ಬ್ಯಾಂಡಿನವರು. ಮನೆಯ ಐದೂ ಮಂದಿ ಬಂದು ಮುಂದಿನ ಸಾಲಿನಲ್ಲಿ ಕೂತರು. ತಾರೀಖನ ಕೈಯಲ್ಲಿ ತುಂಬಿದ ಬ್ಯಾಗು, ಅಮೀನಬಿಯ ಮಡಿಲಲ್ಲಿ ಬುತ್ತಿಯ ಚೀಲ. ಅಮೀರಾ ಸುತ್ತಲೂ ನೋಡಿದಳು. ತನ್ನ ಆಟ ನೋಡಲು ಇಡೀ ಊರೇ ಸೇರಿದೆ! ಅಜ್ಜನ ಮೇಲೆ ಅವಳಿಗಿದ್ದ ಗೌರವ ಆ ಗಳಿಗೆಯಲ್ಲಿ ದುಪ್ಪಟ್ಟಾಯಿತು.

ಯಜಮಾನರು ಮುಕ್ಕಾಲು ತಾಸು ಮಾತಾಡಿದರು. ಇಸ್ಮಾಯಿಲಸಾಬರ ಹೆಸರು ಹಿಡಿದುಕೊಂಡು ತಾವು ಬೆಂಗಳೂರಿನಲ್ಲಿ ಎಷ್ಟು ಬಾಗಿಲು ತಟ್ಟಿದರು, ಯಾವ ಬಾಗಿಲಲ್ಲಿ ಎಷ್ಟು ಹೊತ್ತು ನಿಂತರು ಎಲ್ಲ ಬಂತು. ಹೇಳುತ್ತ ಹೇಳುತ್ತ ಅವರಿಗೇ ಅದು ಖರೆ ಅನ್ನಿಸತೊಡಗಿತು. "ಈಗ ಸಾಬರ ಮೊಮ್ಮಗಳು ಎರಡ ಮಾತು ಹೇಳತಾಳ" ಅಂತ ಪುಂಡಲೀಕಪ್ಪ ಮೈಕು ಬಗ್ಗಿಸಿ ಕೊಟ್ಟ.

ಅಮೀರಾ ಲಕೋಟೆ ಹಿಡಿದು ನಿಂತಳು. ಗಂಟಲು ಸರಿಮಾಡಿಕೊಂಡು ಕೊಡದ ದನಿ ತೆಗೆದಳು.

"ಇದು ಯಜಮಾನರ ಆದೇಶ. ಈ ವಾರ ಮನೆಯವರಿಂದ ನಾಮಿನೇಟ್ ಆಗಿ, ಅತಿ ಹೆಚ್ಚು ಮತಗಳನ್ನು ಪಡೆದು, ಮನೆಯಿಂದ ಹೊರಗೆ ಹೋಗುತ್ತಿರುವ ಸದಸ್ಯರು… ಇಸ್ಮಾಯಿಲಸಾಬ ನದಾಫ! ಒಟ್ಟು ಐದು ಮತಗಳಲ್ಲಿ ನಾಲ್ಕು ಮತ. ಮನೆಯವರು ಕೊಟ್ಟ ಕಾರಣಗಳು: ಒಂದು, ಎಲ್ಲದರಲ್ಲೂ ಬಾಯಿ ಹಾಕುತ್ತಾರೆ. ಎರಡು, ಅಂಗಡಿಯಲ್ಲಿ ಮಗನ ಮಾತು ನಡೆಯಲು ಬಿಡುವುದಿಲ್ಲ. ಮೂರು, ರಿಮೋಟ್ ಲುಂಗಿಯಲ್ಲಿ ಸಿಗಿಸಿಕೊಳ್ಳುತ್ತಾರೆ. ನಾಲ್ಕು, ಗೊರಕೆ."

ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿದರು. ಆದರೆ ಮುಂದೆ ನೆಲದ ಮೇಲೆ ಕೂತಿದ್ದ ಊರಿನ ಮಕ್ಕಳಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಎಲ್ಲರೂ ಎದ್ದು ನಿಂತು, ಟೀವಿಯಲ್ಲಿ ಮಾಡುವ ಹಾಗೆಯೇ ಎರಡೂ ಕೈ ಮೇಲೆತ್ತಿ, "ಹೊರಗೆ! ಹೊರಗೆ! ಹೊರಗೆ!" ಅಂತ ಕೂಗತೊಡಗಿದರು. ಗದಿಗೆವ್ವ ಸೆರಗು ಬಾಯಿಗೆ ತುರುಕಿಕೊಂಡರೂ ನಗು ತಡೆಯಲಾಗದೆ, "ಅಯ್ಯ ಯವ್ವಾ! ಇದು ಟೀವಿಯಾಗಿನ ನಾಮಿನೇಟ್ ಐತಲ್ಲೇ! ಸಾಬರನ ಮನ್ಯಾಗಿಂದ ತಗದಾರ!" ಅಂದಳು.

ಇಸ್ಮಾಯಿಲಸಾಬರಿಗೆ ಮೊಣಕಾಲಿನ ತನಕದ ಮಾಲೆ ಮಣಭಾರ ಆಯಿತು. ಮೆಂಬರಕಿ ಹೋದದ್ದಕ್ಕೆ ಅಲ್ಲ. ನಾಲ್ಕು ಮತ ಅನ್ನುವ ಮಾತು ಎದೆಗೆ ನಾಟಿತ್ತು. ಊರಿನ ಮುಂದೆ ಒಮ್ಮೆ ಸೋತಿದ್ದರು, ಅದನ್ನು ನುಂಗಿಕೊಂಡಿದ್ದರು. ಈಗ ತಾವೇ ಕಟ್ಟಿದ ಮನೆಯಲ್ಲಿ, ತಮ್ಮದೇ ಗಾದಿಯ ಮೇಲೆ ಮಲಗಿ ಏಳುವವರು ಚೀಟಿ ಬರೆದಿದ್ದರು.

ಅವರಿಗಿಂತ ದೊಡ್ಡ ಸಂಕಟ ಲಕ್ಷ್ಮಪ್ಪನವರದು. ತಟ್ಟಿದ ಬಾಗಿಲುಗಳ ಲೆಕ್ಕ ಕೊಟ್ಟು ಐದು ನಿಮಿಷ ಆಗಿರಲಿಲ್ಲ. ಆದರೆ ನಲವತ್ತು ವರ್ಷ ರಾಜಕೀಯ ಮಾಡಿದ ಮನುಷ್ಯ, ಮೈಕು ಕಸಿದುಕೊಂಡರು. "ಕೇಳಿದ್ರಲ್ಲಾ? ಮನೀ ಮಂದೀನ ಹೇಳಾಕತ್ತಾರ, ಮನಿಯಿಂದ ಹೊರಗ ಬರ್ರಿ, ಜನರ ಸೇವಾಕ್ಕ ಹೋಗ್ರಿ ಅಂತ! ಎಂಥಾ ತ್ಯಾಗ! ಬ್ಯಾಂಡ್ ಬಾರಸ್ರೋ!" ಬ್ಯಾಂಡಿನವರು ಬಾರಿಸಿದರು. ಮುಖ್ಯಾಧಿಕಾರಿಗಳು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು. ಮುಂದಿನ ವಾರ ಖರೆ ಪಟ್ಟಿ ಬಂದು ಅದರಲ್ಲಿ ಲಕ್ಷ್ಮಪ್ಪನವರ ಅಳಿಯನ ಹೆಸರಿದ್ದದ್ದು, "ಕಡೀ ಗಳಿಗ್ಯಾಗ ಮ್ಯಾಲಿನವರು ಬದಲಿ ಮಾಡಿದ್ರು" ಅಂತ ಅವರು ಕಣ್ಣೊರೆಸಿಕೊಂಡದ್ದು, ಊರು ಅದನ್ನೂ ನಂಬಿದ್ದು ಎಲ್ಲ ಆಮೇಲಿನ ಮಾತು.

ಸದ್ದಿನ ನಡುವೆ ಇಸ್ಮಾಯಿಲಸಾಬರು ಬಗ್ಗಿ ಮೊಮ್ಮಗಳ ಕಿವಿಯಲ್ಲಿ ಕೇಳಿದರು. "ಐದರಾಗ ನಾಕು ನನಗ ಬಿದ್ದಾವಂದ್ರ, ಇನ್ನೊಂದು ಯಾರಿಗೆ ಬಿತ್ತವಾ? ಯಾರ ಹಾಕಿದ್ರು?"

"ಗುಪ್ತ ಮತದಾನ ಅಜ್ಜಾ. ಚೀಟಿ ಎಲ್ಲಾ ಬ್ಯಾಗಿನಾಗ ಅದಾವ. ನಿಯಮದ ಪ್ರಕಾರ ಬಸ್ಸಿನಾಗ ಕುಂತ ಮ್ಯಾಲೆ ತಗೀಬೇಕು."

ಅಂತೂ ಬ್ಯಾಂಡು ಮುಂದೆ, ಸಾಬರು ನಡುವೆ, 'ಹೊರಗೆ ಹೊರಗೆ' ಅನ್ನುವ ಮಕ್ಕಳು ಹಿಂದೆ, ಮೆರವಣಿಗೆ ಬಸ್ ಸ್ಟ್ಯಾಂಡಿಗೆ ಹೋಯಿತು. ಬಸ್ಸು ನಿಂತಿತ್ತು. ಇಸ್ಮಾಯಿಲಸಾಬರು ಹತ್ತಿ ಕಿಟಕಿಯ ಹತ್ತಿರ ಕೂತರು. ಬುತ್ತಿ ಕೊಡುವ ನೆವದಿಂದ ಅಮೀನಬಿಯೂ ಹತ್ತಿ ಬಂದು ಪಕ್ಕದಲ್ಲಿ ಕೂತಳು. ಮನೆಯವರು, ಊರವರು ಕೈಬೀಸಿ ಆಯಿತು. ಬ್ಯಾಂಡಿನವರು ಚಾ ಕುಡಿಯಲು ಹೋದರು, ಬಸ್ಸು ಮಾತ್ರ ಹೊರಡಲಿಲ್ಲ. ಡ್ರೈವರೂ ಚಾಕ್ಕೆ ಹೋಗಿದ್ದ. ನಿಂತು ನಿಂತು ಬೇಸರವಾಗಿ ಮೊಹಸಿನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಮನೆಗೆ ನಡೆದ.

ಇಸ್ಮಾಯಿಲಸಾಬರು ಬ್ಯಾಗು ತೆಗೆದು ಚೀಟಿ ಬಿಚ್ಚಿದರು. ಮೊದಲನೆಯದು ಯಾಸ್ಮೀನಳ ಸಣ್ಣ ಅಕ್ಷರ. ಎರಡನೆಯದು ಮೊಹಸಿನನದು, ಗಾದಿಯ ರಸೀದಿಯ ಹಿಂದೆ. ಮೂರು ಅಮೀರಾಳದು, ಹೆಸರಿನ ಸುತ್ತ ಹೂವು ಬರೆದಿತ್ತು. ನಾಲ್ಕು ತಾರೀಖನದು, 'ಇಸಮಾಲ' ಅಂತ. ಐದನೆಯದನ್ನು ಅವರು ಒಂದು ಗಳಿಗೆ ಹಿಡಿದುಕೊಂಡೇ ಕೂತರು. ತಮ್ಮ ಹೆಸರು ಬರೆಯದ ಒಂದೇ ಒಂದು ಜೀವ. ಬಿಚ್ಚಿದರು. ಅದರಲ್ಲಿ, ಸಾಕ್ಷರತಾ ಶಾಲೆಯಲ್ಲಿ ಕಲಿತ ದಪ್ಪ ದಪ್ಪ ಅಕ್ಷರದಲ್ಲಿ, ಬರೆದಿದ್ದು: ಅಮೀನಬಿ.

ಇಸ್ಮಾಯಿಲಸಾಬರಿಗೆ ಅಷ್ಟು ದುಃಖದಲ್ಲೂ ನಗು ಬಂತು. "ಹುಚ್ಚಿ! ಇದರಾಗ ಸಹಿ ಮಾಡೋದಲ್ಲ. ಯಾರನ್ನ ಹೊರಗ ಹಾಕಬೇಕು ಅವರ ಹೆಸರ ಬರೀಬೇಕು. ನಿನ್ನ ಹೆಸರ ಬರದಿಯಲ್ಲ?"

"ಗೊತ್ತಿದ್ದ ಬರದೇನ್ರಿ."

"ಏನು?"

ಅಮೀನಬಿ ಕಿಟಕಿಯ ಹೊರಗೆ ನೋಡುತ್ತ ಹೇಳಿದಳು. "ನಲವತ್ತು ವರ್ಷ ಆತು ಆ ಮನ್ಯಾಗ. ನನ್ನ ಯಾರೂ ಹೊರಗ ಹಾಕವಲ್ರು. ತಾರೀಖ ಒಂದು ವಾರ ಹೋಗಿ ಕುಂತು ಉಂಡ ಬಂದ. ನಾ ಕುಂತು ಉಂಡಿದ್ದು ಯಾವಾಗ, ನೆನಪ ಐತೇನು ನಿಮಗ? ಈ ಸಲ ನನಗೂ ಒಂದು ವೋಟ ಬೀಳಲಿ ಅಂತ ಬರದೆ. ಬಿದ್ದಿದ್ದು ಅದೊಂದ. ಇದರಾಗೂ ನೀವ ಗೆದ್ರಿ."

ಇಸ್ಮಾಯಿಲಸಾಬರು ಐದೂ ಚೀಟಿ ಮಡಚಿ ಬ್ಯಾಗಿಗೆ ಹಾಕಿದರು. ಎಲ್ಲದರಲ್ಲೂ ಹಾಕುವ ಬಾಯಿ ಇವತ್ತು ಕಟ್ಟಿತ್ತು. ಕೊನೆಗೆ, ಇಪ್ಪತ್ತೈದು ವರ್ಷದ ಮೇಲೆ, ಕೇಳೇಬಿಟ್ಟರು. "ಆವಾಗ ಮುನ್ಸಿಪಾಲ್ಟಿ ಇಲೆಕ್ಷನ್ನಿನಾಗ… ನೀ?"

"ನಿಮಗ ಹಾಕಲಿಲ್ಲ," ಅಂದಳು ಅಮೀನಬಿ. "ನಿಮ್ಮಿಬ್ಬರು ತಮ್ಮಂದಿರ ಹೆಂಡಿರಿಗೂ ಬ್ಯಾಡ್ರೆವ್ವಾ ಅಂದೆ. ಮೆಂಬರ್ ಮನಿ ಅಂದ್ರ ಹೊತ್ತು ಮೂಡಿದರ ಮಂದಿ. ಬಂದವರಿಗೆಲ್ಲಾ ಚಾ ಕಾಸೋರು ಯಾರು? ನಾವ ಮೂರ ಮಂದಿ."

ಮೂರು ಮತದ ಲೆಕ್ಕ ಸಿಕ್ಕಿತು. ಇಸ್ಮಾಯಿಲಸಾಬರಿಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಅವರು ಬುತ್ತಿಯ ಚೀಲದ ಕಡೆ ನೋಡಿದರು. ಒಬ್ಬರ ಬುತ್ತಿಗೆ ಚೀಲ ಬಹಳ ದಪ್ಪ ಇತ್ತು. ಬಾಯಿ ಸರಿಸಿದರೆ ರೊಟ್ಟಿಯ ಗಂಟಿನ ಕೆಳಗೆ ಮಡಚಿದ ಎರಡು ಸೀರೆ, ಅದರ ಮೇಲೆ ಅಮೀನಬಿಯ ಆಧಾರ್ ಕಾರ್ಡು.

"ಬುಧವಾರ ಮುಂಜಾನೇನ ತುಂಬಿ ಇಟ್ಟಿದ್ದೆ," ಅಂದಳು ಅಮೀನಬಿ, ನಾಚಿಕೆಯಿಂದ. "ವೋಟ ಎಲ್ಲೆರ ನನಗ ಬಿದ್ದೀತು ಅಂತ."

ಕಂಡಕ್ಟರು ಸೀಟಿ ಊದಿದ. "ಇಳಿಯೋರು ಇಳೀರಿ!"

ಇಸ್ಮಾಯಿಲಸಾಬರು ಎದ್ದರು. ಕುತ್ತಿಗೆಯಲ್ಲಿದ್ದ ಟ್ರ್ಯಾಕ್ಟರಿನ ಮಾಲೆ ತೆಗೆದು ಹೆಂಡತಿಯ ಮಡಿಲಲ್ಲಿ ಇಟ್ಟರು. "ಕಿಟಕಿ ಕಡೆ ಸರಿ" ಅಂದರು. ಆಮೇಲೆ ತಮ್ಮ ಬ್ಯಾಗು ಹಿಡಿದು ಇಳಿದರು. ಮದುವೆಯಾದಾಗಿನಿಂದ ಕಿಟಕಿಯ ಪಕ್ಕ ಕೂರದ ಅಮೀನಬಿ ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ತಿರುಗಿ ನೋಡಲಿಲ್ಲ.

ಹಿಂದಿನ ಓಣಿ ಹಿಡಿದು ಇಸ್ಮಾಯಿಲಸಾಬರು ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ತಾರೀಖ ರಿಮೋಟು ಲುಂಗಿಯ ಬದಲು ಚಡ್ಡಿಯಲ್ಲಿ ಸಿಗಿಸಿಕೊಂಡಿದ್ದ. ಅಜ್ಜನನ್ನು ಬಾಗಿಲಲ್ಲಿ ಕಂಡು ನಾಲ್ಕೂ ಮಂದಿ ಹೌಹಾರಿದರು.

"ಅಜ್ಜಾ! ಎಲಿಮಿನೇಟ್ ಆದವರು ವಾಪಸ್ ಬರಂಗಿಲ್ಲ! ಅಜ್ಜಿ ಎಲ್ಲೆ?"

"ಆಕಿ ಹೋದ್ಲು."

"ಅಜ್ಜಿಗೆ ಇದ್ದಿದ್ದು ಒಂದ ವೋಟು. ಒಂದ ವೋಟಿಗೆ ಹೊರಗ ಹಾಕಾಕ ನಿಯಮ ಇಲ್ಲ!" ಅಮೀರಾಳ ದನಿಯಲ್ಲಿ ಯಜಮಾನರು ಹೋಗಿ ಹನ್ನೊಂದು ವರ್ಷದ ಹುಡುಗಿ ಬಂದಿದ್ದಳು.

"ಆಕಿನ್ನ ಯಾರೂ ಹೊರಗ ಹಾಕಿಲ್ಲವಾ. ಆಕಿ ಗೆದ್ದ ಹೋದ್ಲು," ಅಂದರು ಇಸ್ಮಾಯಿಲಸಾಬರು.

ಆಗ ಎಲ್ಲರಿಗೂ ಒಟ್ಟಿಗೇ ಒಂದು ವಿಷಯ ಗಮನಕ್ಕೆ ಬಂತು. ಈ ಹೊತ್ತಿಗೆ ದಿನಾ ಕೇಳುವ ರೊಟ್ಟಿ ಬಡಿಯುವ ಸದ್ದು ಕೇಳುತ್ತಿರಲಿಲ್ಲ. ಮೊಹಸಿನ ಯಾಸ್ಮೀನಳ ಕಡೆ ನೋಡಿದ. ಯಾಸ್ಮೀನ, "ನನಗ ಚಪಾತಿ ಅಷ್ಟ ಬರತೈತಿ. ರೊಟ್ಟಿ ಅತ್ತಿಯವರದು," ಅಂದಳು. ನಾಲ್ಕೂ ಮಂದಿ ಮನೆಯ ಹಿರಿಯನ ಕಡೆ ನೋಡಿದರು. ಇಸ್ಮಾಯಿಲಸಾಬರು ಅಂಗಿಯ ತೋಳು ಮಡಚಿದರು. ಜೀವಮಾನವೆಲ್ಲ ಅರಳೆ ಬಡಿದ ಕೈ. ಹಿಟ್ಟು ಯಾವ ಲೆಕ್ಕ?

"ಜ್ವಾಳದ ಹಿಟ್ಟಿನ ಡಬ್ಬಿ ಎಲ್ಲೈತಿ?"

ಗೋಧಿಯದು ಸಿಕ್ಕಿತು, ಕಡಲೆಯದು ಸಿಕ್ಕಿತು. ಜೋಳದ ಹಿಟ್ಟು ಎಲ್ಲಿಡುತ್ತಾಳೆಂದು ಐದು ಮಂದಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗೋಡೆಯ ಮಾಡು, ಮಂಚದ ಕೆಳಗೆ, ಅರಳೆ ಕೋಣೆ ಎಲ್ಲ ತಾಸುಗಟ್ಟಲೆ ಹುಡುಕಿ ಆದ ಮೇಲೆ ಅಮೀರಾ ಮುಳಗುಂದಕ್ಕೆ ಫೋನು ಹಚ್ಚಿದಳು.

"ಅತ್ತಿ, ಅಜ್ಜಿ ಮುಟ್ಯಾಳೇನು? ಫೋನ್ ಕೊಡು ಆಕಿಗೆ, ಜಲ್ದಿ, ಹಿಟ್ಟಿನ ಡಬ್ಬಿ ಕೇಳೋದೈತಿ."

ಹಾಜಿರಾಬಿಯ ದನಿ ಮನೆಗೆಲ್ಲ ಕೇಳಿಸಿತು.

"ಅವ್ವ ಉಣ್ಣಾಕ ಕುಂತಾಳ. ಎದ್ದ ಮ್ಯಾಲೆ ಫೋನ್ ಮಾಡ್ರಿ."